ವೇದಾಳಿಗೊಂದು ಬಾಗಿಲು

ನನ್ನ ಸೊಸೆ ವೇದಾಳಿಗೆ ಪರೀಕ್ಷೆ ಬರೆಯಲು ಬೇಕಾಗಿದ್ದದ್ದು ಒಂದು ಬಾಗಿಲು. ಹಾಕಿಕೊಂಡರೆ ಒಳಗೆ ಅವಳೊಬ್ಬಳೇ ಇರಬೇಕು, ಅಂಥ ಬಾಗಿಲು.

ಬೆಂಗಳೂರಿನ ಅಂಚಿನಲ್ಲಿರುವ ಕೋಗಿಲು ಊರಿನ ನಮ್ಮ ಕೇರಿಯಲ್ಲಿ ಬಾಗಿಲಿಗೆ ಬರವಿಲ್ಲ. ಮನೆಗೊಂದಿದೆ. ಮನೆಗೊಂದೇ ಇದೆ. ಒಳಗೆ ಒಂದು ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ದೇವರು. ನಮ್ಮಲ್ಲಿ ಒಬ್ಬಂಟಿಯಾಗಿರುವುದು ಸತ್ತ ಮೇಲೂ ಆಗುವುದಿಲ್ಲ. ಹೊರಲು ನಾಲ್ಕು ಜನ ಬಂದುಬಿಡುತ್ತಾರೆ.

ವೇದಾ ಫೋನಿನಲ್ಲಿ ಕಾನೂನು ಓದುತ್ತಿದ್ದಳು. ವಕೀಲಳಾಗಲು ಅಲ್ಲ. ಪ್ಯಾರಾಲೀಗಲ್ ಅನ್ನುತ್ತಾರೆ. ಸ್ಟೇಷನ್ ಮೆಟ್ಟಿಲು ಕಂಡರೆ ಕಾಲು ನಡುಗುವವರ ಜೊತೆಗೆ ಹೋಗಿ, ಅವರ ಪರವಾಗಿ ಕೇಳಬೇಕಾದ್ದನ್ನು ಕೇಳಿ, ವಕೀಲರ ತನಕ ಮುಟ್ಟಿಸುವ ಕೆಲಸ. ಅವಳು ಇದಕ್ಕೆ ಇಳಿಯಲು ಕಾರಣ ಒಂದು ಜೊತೆ ಓಲೆ.

ಹಿಂದೆ ಅವಳು ಕೆಲಸಕ್ಕಿದ್ದ ಫ್ಲ್ಯಾಟಿನಲ್ಲಿ ಆ ಓಲೆ ಕಾಣೆಯಾಯಿತು. ಯಾವಾಗ ಕಾಣೆಯಾಯಿತು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರು ಕದ್ದರು ಎಂದು ಎಲ್ಲರಿಗೂ ಗೊತ್ತಿತ್ತು. ವೇದಾಳನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಬೆಳಗಿನಿಂದ ನೆಲದ ಮೇಲೆ ಕೂರಿಸಿದರು. ಜಡೆ ಬಿಚ್ಚಿಸಿ ನೋಡಿದರು. ರವಿಕೆ ಬಿಚ್ಚಿಸಿ ನೋಡಿದರು. ನೀರು ಕೇಳಿದರೆ, ಓಲೆ ಎಲ್ಲಿಟ್ಟಿದೀಯಾ ಹೇಳು, ಆಮೇಲೆ ನೀರು ಎಂದರು. ನಾನು ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ಸಂಜೆಯ ಹೊತ್ತಿಗೆ ಅಫ್ರೀನ್ ಎಂಬ ಹೆಂಗಸು ಬಂದಳು. ಯಾರು ಹೇಳಿ ಕಳಿಸಿದ್ದರೋ ಗೊತ್ತಿಲ್ಲ. ಸಾದಾ ಚೂಡಿದಾರ, ಹೆಗಲಿಗೊಂದು ಬಟ್ಟೆ ಚೀಲ, ಕರಿ ಕೋಟಿಲ್ಲ. ಆಕೆ ಜಗಳ ಮಾಡಲಿಲ್ಲ. ಸೀದಾ ಹೋಗಿ ವೇದಾಳ ಪಕ್ಕ ನೆಲದ ಮೇಲೆ ಕೂತಳು. ಕೂತುಕೊಂಡೇ ಕೇಳಿದಳು.

"ಸಾರ್, ಇವರ ಮೇಲೆ ಕೇಸ್ ಬರ್ಕೊಂಡಿದೀರಾ? ಇಲ್ಲ ತಾನೇ? ಮತ್ತೆ ಯಾಕೆ ಕೂರಿಸಿದೀರಾ? ಹೊತ್ತು ಮುಳುಗ್ತಾ ಇದೆ. ಹೆಂಗಸು, ಮನೆಗೆ ಕಳಿಸಿ."

ಕಳಿಸಿದರು. ಎರಡು ದಿನ ಬಿಟ್ಟು ಓಲೆ ಅವರದೇ ವಾಷಿಂಗ್ ಮೆಷೀನಿನಲ್ಲಿ ಸಿಕ್ಕಿತು. ನಮ್ಮ ಮನೆಗೆ ಬಂದು ಯಾರೂ ಏನೂ ಹೇಳಲಿಲ್ಲ. ಓಲೆ ಮಾತ್ರ ಚೆನ್ನಾಗಿ ತೊಳೆದುಕೊಂಡಿತ್ತಂತೆ.

ಅವತ್ತು ಸ್ಟೇಷನ್ನಿನಿಂದ ಬರುವಾಗ ಬಸ್ಸಿನಲ್ಲಿ ವೇದಾ ಆಡಿದ್ದು ಒಂದೇ ಮಾತು. "ಅತ್ತೆ, ನಾನೂ ಹಂಗೆ ಹೋಗಿ ಯಾರ್ದಾದ್ರೂ ಪಕ್ಕದಲ್ಲಿ ಕೂತ್ಕೋಬೇಕು."

ಹಾಗೆ ಶುರುವಾಯಿತು. ಪಾತ್ರೆ ತಿಕ್ಕುತ್ತಾ ಕಿವಿಗೆ ವೈರು ಸಿಕ್ಕಿಸಿಕೊಂಡು ಪಾಠ ಕೇಳುತ್ತಿದ್ದಳು. ಕಲಿತದ್ದನ್ನೆಲ್ಲ ಮೊದಲು ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದಳು.

"ಅತ್ತೆ, ನೀವು ಬರೀ ಬಯ್ಯಂಗಿಲ್ಲ. ನನ್ನ ಮೇಲೆ ಏನ್ ಆರೋಪ ಅಂತ ಮೊದ್ಲು ಹೇಳ್ಬೇಕು."

"ಸಾರಿಗೆ ಉಪ್ಪಿಲ್ಲ. ಇದೇ ಆರೋಪ."

"ಸಾಕ್ಷಿ ಯಾರು?"

"ನನ್ನ ನಾಲ್ಗೆ ಕಣೇ."

"ಅದು ನಿಮ್ ಪಾರ್ಟಿ ಅತ್ತೆ. ಅದರ ಮಾತು ನಡೆಯಲ್ಲ."

ನನ್ನ ಮಗ ಮಣಿಕಂಠ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ರಾತ್ರಿ ಗಾಡಿ, ಹಗಲು ನಿದ್ದೆ. ಅವನು ಹೊದಿಕೆಯೊಳಗಿಂದಲೇ, "ಇಬ್ರೂ ರಾಜಿ ಆಗ್ರಮ್ಮ" ಅನ್ನುತ್ತಿದ್ದ.

ಪರೀಕ್ಷೆಯೂ ಫೋನಿನಲ್ಲೇ. ಅದರ ನಿಯಮಗಳನ್ನು ವೇದಾ ಓದಿ ಹೇಳಿದಳು. ಕ್ಯಾಮೆರಾ ಮುಂದೆ ಕೂರಬೇಕು. ಮೊದಲು ಕೋಣೆಯನ್ನು ಸುತ್ತ ತೋರಿಸಬೇಕು. ಬಾಗಿಲು ಹಾಕಿರಬೇಕು. ಬೇರೆ ಮನುಷ್ಯರ ಮುಖ ಕಾಣಬಾರದು, ಹೊರಗಿನ ಸದ್ದು ಕೇಳಬಾರದು. ಕೇಳಿದರೆ ಫೋನು ಟಿಂಗ್ ಎಂದು ಎಚ್ಚರಿಸುತ್ತದೆ. ಮೂರನೆಯ ಟಿಂಗ್‌ಗೆ ಪರೀಕ್ಷೆ ತಾನಾಗಿ ಮುಚ್ಚಿಕೊಳ್ಳುತ್ತದೆ.

ಮೊದಲ ಸಲ ಮನೆಯಲ್ಲೇ ಕೂತಳು. ಸೀರೆಯ ಪರದೆ ಕಟ್ಟಿ, ಅದರ ಹಿಂದೆ ಮಣಿಕಂಠನನ್ನು ಮಲಗಿಸಿದ್ದೆವು. ಅವನ ಗೊರಕೆಗೆ ಮೊದಲ ಟಿಂಗ್. ಪಕ್ಕದ ಮನೆಯ ಸೊಣ್ಣಮ್ಮ ಬಾಗಿಲಾಚೆ ನಿಂತು, "ವೇದಾ, ಹಾಲಿಗೆ ಎಪ್ಪು ಆಕಕ್ಕೆ ಒಂಚೂರು ಮೊಸರು ಕೊಡೇ" ಎಂದಳು. ಎರಡನೆಯ ಟಿಂಗ್. ಮಣಿಕಂಠನಿಗೆ ಎಚ್ಚರವಾಯಿತು. ಹೆಂಡತಿಯ ಮೇಲಿನ ಅಕ್ಕರೆ ಉಕ್ಕಿ ಬಂತು. ಎದ್ದು ಕೂತು ಗಂಟಲು ಹರಿಯುವಂತೆ ಕೂಗಿದ. "ಸುಮ್ನಿರಕ್ಕಾ! ಅವ್ಳು ಪರೀಕ್ಷೆ ಬರೀತಾವ್ಳೆ!"

ಮುಗಿಯಿತು. ಫೋನಿನ ಮೇಲೆ ಒಂದು ಸಾಲು ಬಂತು. ನಿಮ್ಮ ಪರಿಸರ ಪರೀಕ್ಷೆಗೆ ಯೋಗ್ಯವಾಗಿಲ್ಲ.

ಈ ಮಾತು ನಮಗೆ ಹೊಸದಲ್ಲ. ಫೋನಿನ ಬಾಯಲ್ಲಿ ಕೇಳಿದ್ದು ಮಾತ್ರ ಹೊಸದು.

ವೇದಾ ಅವರ ನಂಬರಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. "ಇನ್ನೊಂದ್ ಅಟೆಂಪ್ಟ್ ಇದೆ ಮೇಡಂ. ಅದೇ ಲಾಸ್ಟು, ಮುಂದಿನ ತಿಂಗಳು ಮೊದಲ್ನೇ ಭಾನುವಾರ. ಆವಾಗ ನೀವು ಬೇರೆ ರೂಮಲ್ಲಿ ಕೂತ್ಕೊಳ್ಳಿ."

ಬೇರೆ ರೂಮು. ಆ ಮಗುವಿಗೆ ನಾನು ಬೈಯಲಿಲ್ಲ. ಅವಳ ಮನೆಯಲ್ಲಿ ಇರಬಹುದು.

ವೇದಾ ಈಗ ಕೆಲಸ ಮಾಡುವ ಫ್ಲ್ಯಾಟಿನ ಸಂಯುಕ್ತಾ ಮೇಡಂ ಒಳ್ಳೆಯವರು. ನಮ್ಮ ಸ್ಟಡಿ ರೂಮಿನಲ್ಲೇ ಕೂತುಕೋ ಎಂದರು. ವೇದಾ ಮನೆಗೆ ಬಂದು ಕುಣಿಯುವುದೊಂದು ಬಾಕಿ. ಆದರೆ ಭಾನುವಾರ ಕೆಲಸದವರನ್ನು ಒಳಗೆ ಬಿಡಬಾರದೆಂದು ಅಲ್ಲಿನ ಅಸೋಸಿಯೇಷನ್ನಿನ ನಿಯಮ. ಗೇಟಿನಲ್ಲಿರುವ ಆ್ಯಪು ಬಿಡುವುದಿಲ್ಲವಂತೆ. ಗೆಸ್ಟ್ ಅಂತ ಹಾಕಿ ಮೇಡಂ ಎಂದು ವೇದಾ ಕೇಳಿದಳಂತೆ. ಮೇಡಂ ಬಹಳ ಹೊತ್ತು ಯೋಚಿಸಿ, "ಚೆನ್ನಾಗಿರಲ್ಲ ಅಲ್ವಾ ವೇದಾ" ಎಂದರಂತೆ.

ಉಳಿದದ್ದು ನಮ್ಮ ಸಮುದಾಯ ಭವನ.

ಅದು ಕೇರಿಯವರಿಗೆಂದೇ ಸರ್ಕಾರ ಕಟ್ಟಿಸಿದ್ದು. ದೊಡ್ಡ ಹಾಲು, ಗಟ್ಟಿ ಬಾಗಿಲು, ಒಳಗೆ ಬಾಬಾಸಾಹೇಬರ ಪಟ. ನನಗೆ ಅಕ್ಷರ ಬಂದದ್ದು ಅಲ್ಲೇ. ತಲೆ ಅರ್ಧ ನರೆತ ಮೇಲೆ, ರಾತ್ರಿ ಶಾಲೆಯಲ್ಲಿ, ಹಗಲೆಲ್ಲ ಕ್ವಾರಿಯಲ್ಲಿ ಜಲ್ಲಿ ಒಡೆದ ಕೈಗೆ ಬಳಪ ಹಿಡಿಯುವುದು ಕಲಿತೆ. ಆಮೇಲೆ ಮಳೆಗಾಲದಲ್ಲಿ ಸೂರು ಸೋರಿತು. ಆಗ ಪಂಚಾಯ್ತಿ ಮೆಂಬರಾಗಿದ್ದ ಚಿಕ್ಕಬೈರಪ್ಪನವರು ರಿಪೇರಿ ಮಾಡಿಸುತ್ತೇನೆಂದು ಬೀಗ ಹಾಕಿ ಕೀಲಿ ಒಯ್ದರು. ಅಷ್ಟರಲ್ಲಿ ನಮ್ಮೂರು ಬೆಂಗಳೂರಿಗೆ ಸೇರಿತು. ಪಂಚಾಯ್ತಿ ಹೋಯಿತು. ಕೀಲಿ ಅವರಲ್ಲೇ ಉಳಿಯಿತು. ವಾರ್ಡಿನ ಆಫೀಸಿನಲ್ಲಿ ಕೇಳಿದರೆ, ಇದು ನಮ್ಮ ಹತ್ತಿರ ಬರೋದೇ ಇಲ್ಲ ಎನ್ನುತ್ತಾರೆ.

ಚಿಕ್ಕಬೈರಪ್ಪನವರು ಒಳ್ಳೆಯ ಮನುಷ್ಯರು. ಇದನ್ನು ಅವರೇ ಅನೇಕ ಸಲ ಹೇಳಿದ್ದಾರೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಬೆಳೆಯುತ್ತಾರೆ. ಅದರ ಬಚ್ಚಲುಗಳಿಗೆ ತರಿಸಿದ ಕಮೋಡುಗಳನ್ನು ನಮ್ಮ ಭವನದಲ್ಲಿ ಪೇರಿಸಿದ್ದರು. ಕಿಟಕಿಯ ಸಂದಿನಿಂದ ನೋಡಿದರೆ ಬೆಳ್ಳಗೆ, ಸಾಲಾಗಿ, ಪ್ಲಾಸ್ಟಿಕ್ ಹೊದ್ದು ಕೂತಿದ್ದವು. ಕೇರಿಯಲ್ಲಿ ನಮಗಿರುವುದು ಒಂದೇ ಸಾರ್ವಜನಿಕ ಕಕ್ಕಸು. ಅದಕ್ಕೆ ಕದವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಸೆರಗು ಹಿಡಿದು ಕಾವಲು ನಿಲ್ಲಬೇಕು.

ಕೀಲಿ ಕೇಳಲು ನಾನೇ ಹೋದೆ. ತಾಳ್ಮೆಯ ಕೆಲಸಗಳನ್ನೆಲ್ಲ ಕೇರಿಯವರು ನನಗೇ ಬಿಡುತ್ತಾರೆ.

ಅವರ ಮನೆಗೆ ಹೋದರೆ ನಾವು ಗೇಟಿನ ಹತ್ತಿರ ಚಪ್ಪಲಿ ಬಿಟ್ಟು ನಿಲ್ಲುವುದು ರೂಢಿ. ಕಾಫಿ ಕೊಡುತ್ತಾರೆ. ಮನೆಯವರಿಗೆ ಸ್ಟೀಲ್ ಲೋಟ, ನಮಗೆ ಪೇಪರ್ ಲೋಟ. ಅದನ್ನೂ ಕೈಗೆ ಕೊಡುವುದಿಲ್ಲ, ಕಾಂಪೌಂಡಿನ ಗೋಡೆಯ ಮೇಲೆ ಇಡುತ್ತಾರೆ. ನನ್ನ ಅವ್ವನ ಕಾಲದಲ್ಲಿ ತೆಂಗಿನ ಚಿಪ್ಪಿತ್ತು. ಕಾಲ ಮುಂದೆ ಬಂದಿಲ್ಲ ಎಂದು ಯಾರೂ ಹೇಳುವಂತಿಲ್ಲ.

"ಏನ್ ದೊಡ್ಮುನಿ, ಬಂದ್ಬುಟ್ಟೆ?" ಎಂದರು ಚಿಕ್ಕಬೈರಪ್ಪನವರು.

"ಭವನದ್ದು ಕೀಲಿ ಬೇಕಾಗಿತ್ತು ಯಜಮಾನ್ರೇ. ಒಂದೊತ್ತು. ನನ್ ಸೊಸೆ ಪರೀಕ್ಷೆ."

"ಏನ್ ಓದ್ತಾವ್ಳೆ?"

"ಕಾನೂನು."

ಅವರ ಲೋಟ ಬಾಯಿಯ ಹತ್ತಿರ ನಿಂತಿತು. ಆಮೇಲೆ ಜೋರಾಗಿ ನಕ್ಕರು. "ಓದ್ಕಂಡು ನಮ್ ಮೇಲೇ ಕೇಸ್ ಆಕ್ತಾಳೇನಮ್ಮೀ?"

ನಾನೂ ನಕ್ಕೆ. ನಗಬೇಕಾದ ಕಡೆ ನಗುವುದು ನಮ್ಮ ಹಳೆಯ ಕಸುಬು. "ಅಷ್ಟೆಲ್ಲ ಎಲ್ಲೈತೆ ಯಜಮಾನ್ರೇ" ಎಂದೆ.

ನೋಡಾಣ ಎಂದರು. ಮತ್ತೆ ಹೋದೆ. ನಾಳೆ ಬಾ ಎಂದರು. ನಾಳೆ ಹೋದೆ. ತಿರುಪತಿಗೆ ಹೋಗಿದ್ದರು. ದೇವರು ಅವರನ್ನು ಬೇಗ ಕಳಿಸಲಿಲ್ಲ. ಪರೀಕ್ಷೆಯ ಹಿಂದಿನ ದಿನ ಸಿಕ್ಕರು. ಬೋಳಿಸಿದ ತಲೆ ಹೊಳೆಯುತ್ತಿತ್ತು.

"ಜಾಗ ಎಲ್ಲೈತೆ ದೊಡ್ಮುನಿ? ಮಾಲೆಲ್ಲ ಒಳ್ಗೈತೆ. ಅದನ್ನೆಲ್ಲ ನಿನ್ ತಲೆ ಮೇಲೆ ಒತ್ಕಂಡು ಓಗ್ತೀಯಾ?" ಎಂದು ಪಕ್ಕದಲ್ಲಿದ್ದ ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ನಕ್ಕ.

ಆ ದಿನ ನನಗೆ ನಗು ಬರಲಿಲ್ಲ. ಗೋಡೆಯ ಮೇಲಿದ್ದ ಕಾಫಿಯನ್ನು ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದೆ.

ಮನೆಗೆ ಬಂದು ಸೊಣ್ಣಮ್ಮನಿಗೆ ಹೇಳಿದೆ. "ಯಜಮಾನ್ರು ಒತ್ಕಂಡು ಓಗಿ ಅಂದವ್ರೆ."

ಸೊಣ್ಣಮ್ಮ ನನ್ನ ಮುಖ ನೋಡಿದಳು. "ದಿಟವಾಗ್ಲೂ ಅಂದ್ರಾ?"

"ಅವ್ರ ಬಾಯಲ್ಲೇ."

"ಅಂಗಾದ್ರೆ ಒರಾಣ ಬುಡು."

ವೇದಾಳಿಗೆ ಹೆದರಿಕೆಯಾಯಿತು. "ಅತ್ತೆ, ಬೀಗ ಒಡೆಯೋದು ತಪ್ಪು. ಕೇಸ್ ಆಗತ್ತೆ. ನನ್ ಮೇಲೆ ಕೇಸ್ ಇದ್ರೆ ಈ ಕೆಲಸ ಕೊಡಲ್ಲ."

"ನೀನ್ಯಾಕೆ ಒಡೀತೀಯಾ? ಕಾನೂನು ನೀನ್ ಓದು. ಬೀಗ ನಾನ್ ಒಡೀತೀನಿ. ಕೇಸಾದ್ರೆ ನನ್ ಮೇಲೆ."

"ಈ ವಯಸ್ನಲ್ಲಿ?"

"ಈ ವಯಸ್ನಲ್ಲಿ ಜೈಲಲ್ಲೂ ಒಂದ್ ಬೇರೆ ರೂಮ್ ಕೊಡ್ತಾರೋ ಏನೋ. ನೋಡಾಣ."

ಅವಳು ನಗಲಿಲ್ಲ. ಬೆರಳು ಮಡಿಸುತ್ತಾ ಹೇಳಿದಳು. "ಒಂದೂ ಒಡೀಬಾರ್ದು ಅತ್ತೆ. ಒಂದೂ ಕಾಣೆ ಆಗ್ಬಾರ್ದು. ಆಚೆ ಎಲ್ಲೂ ಬಿಡ್ಬಾರ್ದು. ಅವರ ಮಾಲು ಅವರ ಮನೆ ಬಾಗಿಲಿಗೇ ಸೇರ್ಬೇಕು."

ಭಾನುವಾರ ಬೆಳಕು ಹರಿಯುವಾಗ ನಾನು ಸುತ್ತಿಗೆ ತೆಗೆದುಕೊಂಡು ಹೋದೆ. ಕ್ವಾರಿ ಬಿಟ್ಟು ಬಹಳ ಕಾಲವಾಗಿತ್ತು. ಮೊದಲ ಏಟು ತಪ್ಪಿ ಕದಕ್ಕೆ ಬಿತ್ತು. ಎರಡನೆಯದು ಬೆರಳಿಗೆ ಬಿತ್ತು. ಎದುರು ಮನೆಯ ರಾಮಲಕ್ಷ್ಮಮ್ಮ, "ತತ್ತಾ ಇಲ್ಲಿ, ಮುದುಕಿ" ಎಂದು ಕೈ ಚಾಚಿದಳು. ಕೊಡಲಿಲ್ಲ. ಕೈ ತನ್ನ ಹಳೆಯ ಅಳತೆಯನ್ನು ನೆನಪು ಮಾಡಿಕೊಂಡಿತು. ಬೀಗ ಬಾಯಿ ಬಿಟ್ಟಿತು.

ಕೇರಿಯ ಹೆಂಗಸರೆಲ್ಲ ಸೇರಿದ್ದರು. ಎಲ್ಲರೂ ಕಟ್ಟಡದ ಕೆಲಸ ಮಾಡಿದವರೇ. ಹಳೆಯ ಸೀರೆ ಸುತ್ತಿ ತಲೆಗೆ ಸಿಂಬೆ ಮಾಡಿಕೊಂಡೆವು. ಇಬ್ಬರು ಎತ್ತಿಕೊಡುವುದು, ಒಬ್ಬಳು ಹೊರುವುದು. ಕಮೋಡು ಹೊರುವುದು ಇಟ್ಟಿಗೆ ಹೊತ್ತ ಹಾಗಲ್ಲ. ಅದು ಒಂದು ಕಡೆಗೆ ವಾಲುತ್ತದೆ. ಕತ್ತಿನ ನರ ಹಗ್ಗದಂತೆ ಬಿಗಿಯುತ್ತದೆ. ಮೊಣಕಾಲು ನಡುಗಿದರೆ ಮುಗಿಯಿತು. ಇವನ್ನೇ ನಾವು ಮಹಡಿ ಮಹಡಿಗೂ ಹೊತ್ತಿದ್ದೇವೆ. ಹೊತ್ತದ್ದರ ಮೇಲೆ ಎಂದೂ ಕೂತವರಲ್ಲ. ಸೈಟಿನಲ್ಲಿ ಹೆಂಗಸರಿಗೆ ಕಕ್ಕಸು ಇರುವುದಿಲ್ಲ. ತಗಡಿನ ಶೀಟಿನ ಹಿಂದೆ ಗಂಡಸರ ಕಣ್ಣು ಇರುತ್ತದೆ. ನೀರು ಕುಡಿಯದೆ, ಕಿಬ್ಬೊಟ್ಟೆ ಅಮುಕಿಕೊಂಡು, ಕತ್ತಲಾಗುವವರೆಗೆ ತಡೆದುಕೊಂಡು, ತಲೆಯ ಮೇಲೆ ಕಮೋಡು ಹೊತ್ತವರು ನಾವು.

ಅರ್ಧ ದಾರಿಯಲ್ಲಿ ಸೊಣ್ಣಮ್ಮ ದಣಿದಳು. ತಾನು ಹೊತ್ತಿದ್ದನ್ನೇ ಇಳಿಸಿ, ಪ್ಲಾಸ್ಟಿಕ್ ಸಮೇತ ಅದರ ಮೇಲೆ ಕೂತಳು.

"ಎಂಗೈತೆ?" ಎಂದು ರಾಮಲಕ್ಷ್ಮಮ್ಮ ಕೇಳಿದಳು.

"ಮೈಸೂರು ಮಾರಾಣಿ ಕಣಕ್ಕ ನಾನು. ಸೆರಗು ಇಡ್ಕಂಡು ಕಾಯೋರೂ ಬೇಕಾಗಿಲ್ಲ."

ಬೀದಿಯಲ್ಲಿ ನಗು ಹಬ್ಬಿತು. ಹೊತ್ತವರಿಗೆ ನಗುವುದು ಅಪಾಯ. ಆದರೂ ಒಂದೂ ಬೀಳಲಿಲ್ಲ.

ಚಿಕ್ಕಬೈರಪ್ಪನವರ ಮನೆಯಲ್ಲಿ ಇನ್ನೂ ಎದ್ದಿರಲಿಲ್ಲ. ಗೇಟಿನ ಮುಂದೆ ಎರಡು ಸಾಲು ಮಾಡಿ, ಎದುರುಬದುರಾಗಿ ಇಟ್ಟೆವು. ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕೂತ ನೆಂಟರಂತೆ ಕಾಣುತ್ತಿದ್ದವು. ಎಲೆ ಹಾಕುವುದೊಂದು ಬಾಕಿ.

ಭವನಕ್ಕೆ ಮರಳಿ ನೆಲ ಗುಡಿಸಿ, ನೀರು ಚಿಮುಕಿಸಿ, ಪಟದ ದೂಳು ಒರೆಸಿದೆವು. ವೇದಾ ನೆಲದ ಮೇಲೆ ಕೂತು, ಎದುರಿಗೆ ಎರಡು ಇಟ್ಟಿಗೆ ಇಟ್ಟು ಅದಕ್ಕೆ ಫೋನು ಒರಗಿಸಿದಳು. ಕೋಣೆಯನ್ನು ಸುತ್ತ ತೋರಿಸಿದಳು. ನಾಲ್ಕು ಗೋಡೆ, ಒಂದು ಬಾಗಿಲು, ಒಬ್ಬಳು ಹೆಂಗಸು. ಒಳಗಿನಿಂದ ಚಿಲಕ ಹಾಕಿಕೊಂಡಳು. ಆ ಸದ್ದು ನನಗೆ ಎದೆಯಲ್ಲಿ ಕೇಳಿಸಿತು. ನನ್ನ ಕೇರಿಯ ಹೆಣ್ಣೊಬ್ಬಳು ತನ್ನ ಕೆಲಸಕ್ಕೆಂದು ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹೊರಗೆ ಕೇರಿಗೆ ಕೇರಿಯೇ ಬಾಯಿ ಮುಚ್ಚಿಕೊಂಡಿತು. ಮಿಕ್ಸಿ ನಿಂತಿತು. ಟೀವಿ ನಿಂತಿತು. ರಾಮಲಕ್ಷ್ಮಮ್ಮ ತನ್ನ ಹುಂಜದ ಮೇಲೆ ಕುಕ್ಕೆ ಕವುಚಿ ಗೋಣಿ ಹೊದಿಸಿದಳು. ಮಣಿಕಂಠನನ್ನು ಗಾಡಿ ಸಮೇತ ಮೇನ್ ರೋಡಿಗೆ ಅಟ್ಟಿದ್ದೆವು, ಗೊರಕೆ ಅಲ್ಲೇ ಹೊಡೆದುಕೊಳ್ಳಲಿ ಎಂದು. ಹೆಂಗಸರೆಲ್ಲ ಭವನದ ಮುಂದೆ ಕೂತೆವು. ಮಾತಾಡದೆ ಕೂರುವುದು ಕಮೋಡು ಹೊರುವುದಕ್ಕಿಂತ ಕಷ್ಟ. ಸೊಣ್ಣಮ್ಮ ಸೆರಗನ್ನು ಬಾಯೊಳಗೆ ತುರುಕಿಕೊಂಡಿದ್ದಳು.

ತಲೆಯ ಮೇಲೆ ಒಂದು ವಿಮಾನ ತಗ್ಗಿನಲ್ಲಿ ಹಾದು ಹೋಯಿತು. ಎಲ್ಲರೂ ತಲೆ ಎತ್ತಿ ಅದಕ್ಕೂ ಸುಮ್ಮನಿರು ಎಂದು ಸನ್ನೆ ಮಾಡಿದೆವು. ಒಳಗಿನಿಂದ ಟಿಂಗ್ ಎಂದು ಕೇಳಿತು.

ಒಂದು ಹೋಯಿತು.

ಪರೀಕ್ಷೆ ಮುಗಿಯುತ್ತಾ ಬಂದಿತ್ತು. ಆಗ ಚಿಕ್ಕಬೈರಪ್ಪನವರು ಬಂದರು. ಪಂಚೆ ಎತ್ತಿ ಕಟ್ಟಿದ್ದರು, ಜೊತೆಗೆ ಪೊಲೀಸ್ ಹನುಮಯ್ಯ. ದೂರದಿಂದಲೇ ಶುರು ಮಾಡಿದರು.

"ಯಾವ್ಳೇ ಅವ್ಳು ನಮ್ ಮಾಲಿಗೆ ಕೈ ಆಕ್ದೋಳು!"

ಒಳಗೆ ಟಿಂಗ್.

ಎರಡು ಹೋಯಿತು. ಹೆಂಗಸರೆಲ್ಲ ಒಮ್ಮೆಗೇ ಎದ್ದು ಅವರಿಬ್ಬರನ್ನು ಸುತ್ತುವರಿದೆವು. ಯಾರೂ ಕೂಗಲಿಲ್ಲ. ಎಲ್ಲರ ಬೆರಳೂ ತುಟಿಯ ಮೇಲಿತ್ತು. ಇದನ್ನು ನೋಡಿ ಹನುಮಯ್ಯ ಗಾಬರಿಯಾದ. ಕೂಗಾಡುವ ಹೆಂಗಸರನ್ನು ನೋಡಿ ಅವನಿಗೆ ಅಭ್ಯಾಸವಿತ್ತು.

"ಒಳಗೆ ಏನಮ್ಮ ನಡೀತಿರೋದು?" ಎಂದು ಅವನೂ ಪಿಸುಗುಟ್ಟಿದ.

"ಪರೀಕ್ಷೆ ಸಾರ್, ಫೋನಲ್ಲಿ" ಎಂದು ನಾನು ಪಿಸುಗುಟ್ಟಿದೆ. "ಇನ್ನೊಂದ್ ಸದ್ದಾದ್ರೆ ಮುಚ್ಕಂಡೋಗ್ತದೆ. ಇದೇ ಕೊನೇದು. ಬೀಗ ನಾನೇ ಒಡ್ದಿದ್ದು. ಸುತ್ತಿಗೆ ಇಲ್ಲೇ ಐತೆ. ಒಂದತ್ತು ನಿಮಿಷ ಆದ್ಮೇಲೆ ಇಡ್ಕಂಡೋಗಿ."

"ನನ್ ಮಗಳೂ ಹಿಂಗೇ ಬರೆದ್ಲು ಸಾರ್" ಎಂದು ಹನುಮಯ್ಯ ಚಿಕ್ಕಬೈರಪ್ಪನವರ ಕಿವಿಯಲ್ಲಿ ಹೇಳಿದ. "ಮನೇಲಿ ಉಸಿರು ಬಿಡಂಗಿಲ್ಲ."

ಅವನು ನಮ್ಮ ಕಡೆಯವನೇನಲ್ಲ. ಪರೀಕ್ಷೆಗೆ ಹೆದರುವ ಅಪ್ಪ, ಅಷ್ಟೇ. ಆದರೂ ಪೊಲೀಸು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕಳ್ ಮುಂಡೆ" ಎಂದು ಚಿಕ್ಕಬೈರಪ್ಪನವರೂ ಪಿಸುಗುಟ್ಟಿಬಿಟ್ಟರು. ದನಿ ತಗ್ಗಿಸಿದ್ದು ತಮಗೇ ಗೊತ್ತಾಗಲಿಲ್ಲ.

"ನೀನೇ ಕಳ್ಳ" ಎಂದು ಸೊಣ್ಣಮ್ಮ ಸೆರಗಿನೊಳಗಿಂದ ಪಿಸುಗುಟ್ಟಿದಳು. "ಇದು ನಿಮ್ಮಪ್ಪನ ಗೋಡೌನಾ? ಕಕ್ಕಸಿನ ಕಲ್ಲು ಇಡಕ್ಕೆ ಬಾಬಾಸಾಹೇಬ್ರ ಮನೆಯೇ ಬೇಕಾಗಿತ್ತಾ?"

ಅಂಥ ಜಗಳ ನಮ್ಮೂರಲ್ಲಿ ಹಿಂದೆ ಆಗಿರಲಿಲ್ಲ. ಬೈಗುಳವೆಲ್ಲ ಇದ್ದವು, ದನಿ ಇರಲಿಲ್ಲ. ದೂರದಿಂದ ನೋಡಿದವರು ಯಾರೋ ಹೆಣ್ಣು ಕೇಳಲು ಬಂದಿದ್ದಾರೆ ಎಂದುಕೊಳ್ಳಬೇಕು.

ಆಮೇಲೆ ಅವರಿಗೆ ತಾವು ಯಾರು ಎಂಬುದು ನೆನಪಾಯಿತು. ಕುತ್ತಿಗೆ ಕೆಂಪಾಯಿತು. ಎದೆಯುಬ್ಬಿಸಿ ಉಸಿರೆಳೆದುಕೊಂಡರು. ಬಾಯಿ ತೆರೆದರು. ಬರುವ ಕೂಗು ನನಗೆ ಕಂಡೇಬಿಟ್ಟಿತು.

ನಾನು ಅಂಗೈಯನ್ನು ಅವರ ಬಾಯಿಯ ಮೇಲೆ ಇಟ್ಟೆ.

"ಸುಮ್ಕಿರು ಚಿಕ್ಕಬೈರಪ್ಪ" ಎಂದೆ.

ಕೇರಿ ಕಲ್ಲಾಯಿತು. ಹನುಮಯ್ಯನ ಕೈ ಲಾಠಿಯ ಮೇಲೆಯೇ ನಿಂತುಬಿಟ್ಟಿತು.

ಹುಟ್ಟಿದಾಗಿನಿಂದ ಅವರ ಮನೆಯ ಅಂಗಳ ಗುಡಿಸಿದ್ದೇನೆ, ಹೊಲದ ಕಳೆ ತೆಗೆದಿದ್ದೇನೆ, ಗೋಡೆಗೆ ಇಟ್ಟಿಗೆ ಹೊತ್ತಿದ್ದೇನೆ. ಕೂಲಿಯನ್ನು ಮೇಲಿನಿಂದ ಎಸೆದಿದ್ದಾರೆ, ಆಯ್ದುಕೊಂಡಿದ್ದೇನೆ. ಅವರ ಮೈ ನನಗೆ ತಾಗಿದ್ದು ಅದೇ ಮೊದಲು. ಮೀಸೆ ಚುಚ್ಚಿತು. ಬಾಯಿ ಬೆಚ್ಚಗಿತ್ತು. ಎಲ್ಲರ ಬಾಯಿಯ ಹಾಗೇ ಇತ್ತು.

ಅವರು ನನಗಿಂತ ಎತ್ತರ, ಗಟ್ಟಿ ಆಳು. ಒಮ್ಮೆ ಕೊಡವಿದ್ದರೆ ನಾನು ಚರಂಡಿಯಲ್ಲಿರುತ್ತಿದ್ದೆ. ಆದರೆ ನನ್ನ ಕೈ ತೆಗೆಯಬೇಕೆಂದರೆ ಅವರು ನನ್ನ ಕೈ ಹಿಡಿಯಬೇಕಿತ್ತು. ಹಿಂದಕ್ಕೆ ಸರಿಯಬೇಕೆಂದರೆ ಸೊಣ್ಣಮ್ಮನಿಗೆ ತಾಗಬೇಕಿತ್ತು. ಪಕ್ಕಕ್ಕೆಂದರೆ ರಾಮಲಕ್ಷ್ಮಮ್ಮ. ಅವರ ಎರಡು ಕೈಗಳೂ ಮೇಲಕ್ಕೆದ್ದವು. ನನ್ನ ಮಣಿಕಟ್ಟಿನ ಹತ್ತಿರಕ್ಕೆ ಬಂದವು. ಅಲ್ಲೇ ಗಾಳಿಯಲ್ಲಿ ನಿಂತವು. ಅವರ ತಾತ ಮುತ್ತಾತಂದಿರು ಕಟ್ಟಿದ ಬೇಲಿ ಅದು. ನಾವು ದಾಟಬಾರದೆಂದು ಕಟ್ಟಿದ್ದು. ಅದರೊಳಗೆ ಈಗ ಅವರೇ ಸಿಕ್ಕಿಕೊಂಡಿದ್ದರು.

ನಾನು ಕೈ ತೆಗೆಯಲಿಲ್ಲ. ಬೆರಳಿಗೆ ಬಿದ್ದ ಸುತ್ತಿಗೆ ಏಟು ಸಿಡಿಯುತ್ತಿತ್ತು. ಅವರ ಕಣ್ಣನ್ನೇ ನೋಡುತ್ತಾ ನಿಂತೆ. ಅಷ್ಟು ಹತ್ತಿರದಿಂದ ಆ ಕಣ್ಣುಗಳನ್ನು ನೋಡಿದ್ದೂ ಅದೇ ಮೊದಲು. ಒಳಗೆ ಪೊರೆ ಬಂದಿತ್ತು. ಪಾಪ, ಆಪರೇಷನ್ ಮಾಡಿಸಬೇಕು.

ಎಷ್ಟು ಹೊತ್ತೋ ಗೊತ್ತಿಲ್ಲ. ಚಿಲಕ ಸರಿಯಿತು.

ವೇದಾ ಬಾಗಿಲಲ್ಲಿ ನಿಂತಿದ್ದಳು. ಮುಖವೆಲ್ಲ ಬೆವರು. ನನ್ನ ಕೈ ಎಲ್ಲಿದೆ ಎಂದು ನೋಡಿದಳು. ಹನುಮಯ್ಯನನ್ನು ನೋಡಿದಳು. ಸುತ್ತಿಗೆ ನೋಡಿದಳು. ಮೆಟ್ಟಿಲಿಳಿದು ಬಂದು ನನ್ನ ಪಕ್ಕದಲ್ಲಿ ನಿಂತಳು.

"ಬರೆದು ಕಳಿಸ್ದೆ ಅತ್ತೆ" ಎಂದಳು. "ಈಗ ಮಾತಾಡ್ಬೋದು."

ನಾನು ಕೈ ತೆಗೆದೆ. ಚಿಕ್ಕಬೈರಪ್ಪನ ಬಾಯಿ ತೆರೆದೇ ಇತ್ತು. ಅದರಿಂದ ಏನೂ ಬರಲಿಲ್ಲ.

ಆಮೇಲೆ ನಾವು ಮಾತಾಡಿದೆವು.